ಹಿಮದ ಮೇಲೆ ಜಾರಲು ಎಲ್ಲಿಗೆ ಹೋಗೋಣ?

ಕನ್ನಡದಲ್ಲಿ ಹಿಮಕ್ಕೆ ಮನೆಮಾತಿನ ಹೆಸರಿಲ್ಲ. ಮಂಜು ಎಂದರೆ ನಮಗೆ ಮಾಘಮಾಸದ ಮುಂಜಾವಿನಲ್ಲಿ ಕೆರೆಯ ಮೇಲೆ ಕವಿಯುವ ಹೊಗೆಯಂಥ ವಸ್ತು. ಇಬ್ಬನಿ ಎಂದರೆ ಅವರೆ ಹೊಲದಲ್ಲಿ ಕಾಲು ತೋಯಿಸುವುದು. ಆಕಾಶದಿಂದ ಗಟ್ಟಿಯಾಗಿ ಬೀಳುವ ನೀರೆಂದರೆ ಆಲಿಕಲ್ಲು, ಅದೂ ಮಾವಿನ ಹೀಚುಗಳನ್ನು ಉದುರಿಸಿ ಐದು ನಿಮಿಷದಲ್ಲಿ ಕರಗಿಹೋಗತಕ್ಕದ್ದು. ಇಂಥ ಸೀಮೆಯ ಸರ್ಕಾರಿ ಕಲಾ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಬರುವ ಚಳಿಗಾಲದಲ್ಲಿ ಸ್ಕೀ ಆಟ ಕಲಿಯಲು ಎಲ್ಲಿಗೆ ಹೋಗಬೇಕೆಂದು ಮೂರು ತಿಂಗಳಿಂದ ಜಗಳವಾಡುತ್ತಿದ್ದೇವೆಂದರೆ ವಾಚಕರು ನಗಬಹುದು. ನಗಲಿ. ಆದರೆ ಆ ಜಗಳದಲ್ಲಿ ನಾನು ಕಲಿತದ್ದು ಕಡಮೆಯಲ್ಲ. ಒಂದು ಅಭಿಪ್ರಾಯವೂ ನನ್ನಲ್ಲಿ ಬಲಿತಿದೆ. ಅದನ್ನು ಈ ಪುಟಗಳಲ್ಲಿ ಹೇಳಬಯಸುತ್ತೇನೆ.

ನಾಲ್ವರೆಂದರೆ, ಒಬ್ಬ ಎನ್.ಸಿ.ಸಿ.ಯ ಸಾರ್ಜೆಂಟ್, ಬೆಟ್ಟ ಹತ್ತುವುದರಲ್ಲಿ ನಮ್ಮೆಲ್ಲರಿಗಿಂತ ಗಟ್ಟಿಗ. ಇನ್ನೊಬ್ಬ ಇತಿಹಾಸದವನು, ಯಾವ ಊರಿನ ಹೆಸರೆತ್ತಿದರೂ ಅಲ್ಲಿಗೆ ಹಿಂದೆ ಯಾರು ಬಂದಿದ್ದರೆಂದು ಮೊದಲು ವಿಚಾರಿಸುವ ಜಾತಿ. ಮೂರನೆಯವಳು ಅರ್ಥಶಾಸ್ತ್ರದವಳು, ನಮ್ಮ ಹಣ ಅವಳ ವಶದಲ್ಲಿದೆ, ಆದುದರಿಂದಲೇ ಅದು ಇನ್ನೂ ಖರ್ಚಾಗಿಲ್ಲ. ನಾಲ್ಕನೆಯವನು ಭೂಗೋಳ ಓದುವ ನಾನು. ವಿದ್ಯಾರ್ಥಿವೇತನದಲ್ಲಿ ಮಿಗಿಸಿದ್ದು, ರಜೆಯಲ್ಲಿ ಮದುವೆಮನೆಗಳಲ್ಲಿ ಬಡಿಸಿ ಗಳಿಸಿದ್ದು, ನೆರೆಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಸಂಪಾದಿಸಿದ್ದು, ಹೀಗೆ ಎರಡು ವರ್ಷ ಕೂಡಿಸಿದ ಹಣ ಅದು. ಒಂದು ಸಲ ಹೋಗಿಬರಲು ಸಾಕು; ಎರಡನೆಯ ಸಲಕ್ಕಿಲ್ಲ. ಬೇಸಗೆಯ ಪರೀಕ್ಷೆ ಮುಗಿದರೆ ನಾಲ್ವರೂ ನಾಲ್ಕು ದಿಕ್ಕು. ಆದುದರಿಂದ ಸ್ಥಳದ ಆಯ್ಕೆಯಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ನಮಗೆ ಇನ್ನೊಂದು ಚಳಿಗಾಲವಿಲ್ಲ.

ಮೊದಲ ಆಕ್ಷೇಪ ಬಂದುದು ಅಧ್ಯಾಪಕರ ಕೊಠಡಿಯಿಂದ. ನಾನು ತುಂಬ ಗೌರವಿಸುವ ಅಧ್ಯಾಪಕರೊಬ್ಬರು, "ಏನಪ್ಪಾ, ಇದು ದುಡ್ಡಿರುವವರ ಆಟವಲ್ಲವೇ? ನಿಮ್ಮಂಥವರಿಗೇಕೆ ಈ ಗೀಳು?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಆಗ ನನಗೆ ಉತ್ತರ ಹೊಳೆಯಲಿಲ್ಲ, ಈಗ ಹೇಳುತ್ತೇನೆ. ಸ್ಕೀ ಎಂಬ ಮಾತು ಹಳೆಯ ನಾರ್ವೆ ಭಾಷೆಯದು. ಸೀಳಿದ ಮರದ ತುಂಡು ಎಂದು ಅದರ ಅರ್ಥ. ಉತ್ತರದ ಹಿಮದೇಶಗಳ ಬೇಟೆಗಾರರೂ ರೈತರೂ ಸಾವಿರಾರು ವರ್ಷ ಅದನ್ನು ಕಾಲಿಗೆ ಕಟ್ಟಿಕೊಂಡು ಓಡಾಡಿದುದು ಚಂದಕ್ಕಲ್ಲ. ಸೊಂಟದುದ್ದ ಹಿಮದಲ್ಲಿ ನೆರೆಮನೆಗೆ ಹೋಗಬೇಕಾದರೂ ಬೇರೆ ದಾರಿಯಿರಲಿಲ್ಲ. ನಮ್ಮ ರೈತನಿಗೆ ಎತ್ತಿನ ಗಾಡಿ ಹೇಗೋ ಅವರಿಗೆ ಸ್ಕೀ ಹಾಗೆ. 1888ರಲ್ಲಿ ನ್ಯಾನ್ಸನ್ ಎಂಬ ನಾರ್ವೆಯ ಸಾಹಸಿ ಐವರು ಸಂಗಡಿಗರೊಡನೆ ಗ್ರೀನ್‌ಲೆಂಡಿನ ಹಿಮದ ಬಯಲನ್ನು ಅದರ ಮೇಲೆಯೇ ದಾಟಿದನು. ಅದು ದುಡ್ಡಿರುವವರ ಆಟವಾದುದು ಆ ಮೇಲೆ, ಆಲ್ಪ್ಸ್ ಪರ್ವತಗಳಲ್ಲಿ.

ಅದಕ್ಕೆ ಕಾರಣರಾದವರಲ್ಲಿ ನಮ್ಮ ಇಂಗ್ಲಿಷ್ ವಿಭಾಗದವರಿಗೆ ಪರಿಚಯವಾದ ಒಬ್ಬನಿದ್ದಾನೆ. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯಿಲ್ ಹೆಂಡತಿಯ ಕ್ಷಯರೋಗದ ನಿಮಿತ್ತ ಸ್ವಿಟ್ಸರ್ಲೆಂಡಿನ ದಾವೋಸ್‌ನಲ್ಲಿ ತಂಗಿದ್ದಾಗ, 1894ರಲ್ಲಿ, ಅಲ್ಲಿನ ಇಬ್ಬರು ಸೋದರರ ಜೊತೆ ಹಿಮ ಮುಚ್ಚಿದ ಕಣಿವೆಯೊಂದನ್ನು ಸ್ಕೀ ಕಟ್ಟಿ ದಾಟಿ ಅರೋಸಾ ಎಂಬ ಊರನ್ನು ಸೇರಿದನು. ಇಳಿಜಾರಿನಲ್ಲಿ ಬಹು ದೂರ ಕುಳಿತೇ ಜಾರಿದ್ದರಿಂದ ಅವನ ಷರಾಯಿಯ ಹಿಂಭಾಗ ಸವೆದು ಹೋಯಿತಂತೆ. ಊರಿಗೆ ಮರಳಿ ಅದರ ವಿಚಾರವಾಗಿ ಲೇಖನ ಬರೆದು, ಮುಂದೊಂದು ದಿನ ನೂರಾರು ಆಂಗ್ಲರು ಈ ಆಟಕ್ಕಾಗಿಯೇ ಸ್ವಿಟ್ಸರ್ಲೆಂಡಿಗೆ ಬರುವರೆಂದು ಭವಿಷ್ಯ ನುಡಿದನು. ನೂರಾರಲ್ಲ, ಲಕ್ಷಾಂತರ ಮಂದಿ ಬಂದರು. ಅದಕ್ಕೂ ಹಿಂದೆ, 1864ರಲ್ಲಿ, ಸೇಂಟ್ ಮಾರಿಟ್ಸ್ ಎಂಬ ಊರಿನ ಹೋಟೆಲಿನ ಯಜಮಾನನೊಬ್ಬನು ತನ್ನ ಬೇಸಗೆಯ ಅತಿಥಿಗಳಿಗೆ, "ಚಳಿಗಾಲದಲ್ಲಿ ಬಂದು ನೋಡಿ, ಹಿಡಿಸದಿದ್ದರೆ ಪ್ರಯಾಣದ ಖರ್ಚು ನನ್ನದು" ಎಂದು ಪಂಥ ಕಟ್ಟಿದನೆಂದು ಅಲ್ಲಿನವರು ಹೇಳುತ್ತಾರೆ. ಪಂಥದಲ್ಲಿ ಗೆದ್ದವನು ಅವನೇ ಎಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಮೊದಲ ಜಗಳವೂ ಸ್ವಿಟ್ಸರ್ಲೆಂಡಿನ ಹೆಸರಿನಲ್ಲಿಯೇ ಆಯಿತು. ಸಿನಿಮಾ ನೋಡಿ ಬೆಳೆದವರಲ್ಲವೇ? ಹಿಮವೆಂದೊಡನೆ ಆ ದೇಶ ಕಣ್ಣೆದುರು ಬರುತ್ತದೆ. ಅರ್ಥಶಾಸ್ತ್ರದವಳು ಕಾಗದ ತೆಗೆದು ಎರಡು ಸಾಲು ಬರೆದಳು, ಜಗಳ ಮುಗಿಯಿತು. ನಾಲ್ವರ ಹಣ ಕೂಡಿಸಿದರೆ ಒಬ್ಬನು ಹೋಗಬಹುದು, ಹೋದವನು ತಿರುಗಿ ಬರುವಂತಿಲ್ಲ ಎಂಬುದು ಅವಳ ಲೆಕ್ಕದ ತಾತ್ಪರ್ಯ. ಆದರೂ ಹೋಗಬಲ್ಲವರಾದರೂ ಎಲ್ಲಿಗೆ ಹೋಗುತ್ತಾರೆಂದು ನಾನು ಓದಿ ನೋಡಿದೆ. ಏಕೆಂದರೆ ಸ್ಥಳ ಆರಿಸುವ ವಿದ್ಯೆಯಲ್ಲಿ ಅವರಿಗೆ ನೂರು ವರ್ಷದ ಅನುಭವವಿದೆ.

ಅಲ್ಲಿ ಕಂಡುದು ಬೇರೆಯೇ ಕಥೆ. ಆಲ್ಪ್ಸ್ ಸೀಮೆಯಲ್ಲಿ ಒಂದು ಹಳೆಯ ಲೆಕ್ಕವಿದೆ: ವರ್ಷದಲ್ಲಿ ಕಡಮೆಯೆಂದರೆ 100 ದಿನ, ಒಂದು ಅಡಿಯಷ್ಟು ಹಿಮ ನೆಲದ ಮೇಲೆ ನಿಂತಿದ್ದರೆ ಮಾತ್ರ ಆ ಸ್ಥಳ ನಂಬತಕ್ಕದ್ದು. 2007ರಲ್ಲಿ ಪ್ರಕಟವಾದ ಓ.ಇ.ಸಿ.ಡಿ. ಸಂಸ್ಥೆಯ ವರದಿಯೊಂದು 666 ಸ್ಕೀ ಕ್ಷೇತ್ರಗಳನ್ನು ಈ ಒರೆಗಲ್ಲಿಗೆ ಹಚ್ಚಿತು. ಆಗ 609 ಕ್ಷೇತ್ರಗಳು ತೇರ್ಗಡೆಯಾದವು. ಉಷ್ಣತೆ ಒಂದು ಡಿಗ್ರಿ ಏರಿದರೆ 500, ಎರಡು ಡಿಗ್ರಿ ಏರಿದರೆ 404, ನಾಲ್ಕು ಡಿಗ್ರಿಯಾದರೆ 202 ಮಾತ್ರ ಉಳಿದಾವೆಂದು ಆ ವರದಿಯ ಗಣನೆ. ಡಿಗ್ರಿಯೊಂದಕ್ಕೆ ಹಿಮದ ಗೆರೆ ಸುಮಾರು 150 ಮೀಟರು ಮೇಲಕ್ಕೆ ಸರಿಯುತ್ತದೆಂಬುದು ಇದರ ಹಿಂದಿನ ಸೂತ್ರ. 2023ರಲ್ಲಿ ಯುರೋಪಿನ 2234 ಕ್ಷೇತ್ರಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನ, ಎರಡು ಡಿಗ್ರಿ ಏರಿಕೆಯಾದರೆ ಅವುಗಳಲ್ಲಿ ನೂರಕ್ಕೆ 53ರಷ್ಟಕ್ಕೆ ಹಿಮದ ಅಭಾವದ ಅತಿ ದೊಡ್ಡ ಅಪಾಯವಿದೆಯೆಂದು ಹೇಳಿತು. ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದಲ್ಲಿ ಚಾಕಲ್ತಾಯಾ ಎಂಬ ಹಿಮನದಿಯಿತ್ತು. 5,000 ಮೀಟರಿಗಿಂತ ಮೇಲೆ, ಜಗತ್ತಿನಲ್ಲಿಯೇ ಎತ್ತರದ ಸ್ಕೀ ಸ್ಥಳವೆಂದು ಹೆಸರಾಗಿತ್ತು. 2009ರ ವೇಳೆಗೆ ಆ ಹಿಮನದಿಯೇ ಇಲ್ಲವಾಯಿತು. ಎತ್ತರವೊಂದೇ ರಕ್ಷೆಯಲ್ಲವೆಂದು ತಿಳಿಯಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇದರಲ್ಲಿ ನಗುವ ವಿಷಯವೂ ಉಂಟು. ಮ್ಯಾಟರ್‌ಹಾರ್ನ್ ಶಿಖರದ ಪಕ್ಕದಲ್ಲಿ ಝರ್ಮಾಟ್‌ನಿಂದ ಇಟಲಿಯ ಕಡೆಗೆ ಇಳಿಯುವ ಒಂದು ವಿಶ್ವಕಪ್ ಪಂದ್ಯವನ್ನು ಏರ್ಪಡಿಸಿದ್ದರು. 2022ರಲ್ಲಿ ಹಿಮ ಸಾಲದೆ ಪಂದ್ಯ ರದ್ದಾಯಿತು. 2023ರಲ್ಲಿ ಹಿಮವೂ ಗಾಳಿಯೂ ಅತಿಯಾಗಿ ರದ್ದಾಯಿತು. ಎರಡು ವರ್ಷದಲ್ಲಿ ಒಂದು ಪಂದ್ಯವೂ ನಡೆಯದೆ ಅದನ್ನು ಪಟ್ಟಿಯಿಂದಲೇ ತೆಗೆದುಹಾಕಿದರು. ಅಷ್ಟು ಯಂತ್ರ, ಅಷ್ಟು ಹಣ, ಅಷ್ಟು ಪಂಡಿತರು ಇದ್ದವರಿಗೇ ಹೀಗಾದರೆ ನಮ್ಮ ಮದುವೆಮನೆಯ ಸಂಪಾದನೆಯ ಪಾಡೇನು ಎಂದು ಸಾರ್ಜೆಂಟ್ ಕೇಳಿದನು.

ಸರಿ, ನಮ್ಮ ಹಿಮಾಲಯಕ್ಕೆ ಬರೋಣ. ಇಲ್ಲಿ ಹಿಮ ಬೀಳುವ ಬಗೆಯನ್ನು ಅರಿಯದೆ ಸ್ಥಳ ಆರಿಸುವುದು, ಮಳೆ ನಕ್ಷತ್ರ ನೋಡದೆ ಬಿತ್ತಿದಂತೆ. ನಮಗೆ ಮಳೆ ತರುವ ಮುಂಗಾರು ಬೇರೆ. ಕಾಶ್ಮೀರಕ್ಕೂ ಕುಮಾವೂಂ-ಗಢವಾಲಗಳಿಗೂ ಚಳಿಗಾಲದಲ್ಲಿ ಹಿಮ ತರುವ ಮೋಡಗಳು ಬೇರೆ. ಅವು ಮೆಡಿಟರೇನಿಯನ್ ಕಡೆಯಿಂದ ಇರಾನ್, ಆಫ್ಘಾನಿಸ್ತಾನಗಳ ಮೇಲೆ ಹಾದು ಪಡುವಣದಿಂದ ಬರತಕ್ಕವು. ಹವಾಮಾನದವರು ಅವನ್ನು ಪಶ್ಚಿಮದ ಕ್ಷೋಭೆಗಳೆನ್ನುತ್ತಾರೆ. ಪಡುವಣದಿಂದ ಬರುವುದರಿಂದ ಪಡುವಣದ ಬೆಟ್ಟಗಳಿಗೆ ಮೊದಲ ಪಾಲು. ಪೀರ್ ಪಂಜಾಲ್ ಸಾಲಿನಲ್ಲಿರುವ ಗುಲ್ಮಾರ್ಗ್‌ಗೆ ತುಂಬಿದ ಕೊಡ. ಮೂಡಣಕ್ಕೆ ಹೋದಂತೆ ಕೊಡ ಬರಿದಾಗುತ್ತದೆ. ಕಾಶ್ಮೀರದವರು ತಮ್ಮ ಚಳಿಗಾಲವನ್ನು ನಮ್ಮ ರೈತರು ಮಳೆನಕ್ಷತ್ರಗಳನ್ನು ಎಣಿಸುವಂತೆಯೇ ಎಣಿಸುತ್ತಾರೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಅಂದರೆ ದೊಡ್ಡ ಚಳಿ; ಆಮೇಲೆ 20 ದಿನ ಚಿಲ್ಲೈ ಖುರ್ದ್, ಸಣ್ಣ ಚಳಿ; ಕೊನೆಯ 10 ದಿನ ಚಿಲ್ಲೈ ಬಚ್ಚಾ, ಮರಿ ಚಳಿ. ಹಿಮ ಬೀಳಬೇಕಾದುದು ದೊಡ್ಡ ಚಳಿಯಲ್ಲಿ.

ಬೀಳಬೇಕಾದುದು ಎಂದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಹುಲ್ಲುಗಾವಲು ಕಂದು ಬಣ್ಣಕ್ಕೆ ತಿರುಗಿ ಬರಿಮೈಯಲ್ಲಿತ್ತು. ತಿಂಗಳ ಕೊನೆಯವರೆಗೆ ಹಿಮ ಕಾದು ಕಾದು ಬಂದವರು ಕುದುರೆ ಸವಾರಿ ಮಾಡಿ ಹಿಂದಿರುಗಿದರು. 2025ರಲ್ಲಿ ಅಲ್ಲಿ ಫೆಬ್ರುವರಿ 22ಕ್ಕೆ ಆರಂಭವಾಗಬೇಕಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಹಿಮದ ಅಭಾವದಿಂದ ಮುಂದಕ್ಕೆ ಹೋಗಿ ಮಾರ್ಚಿ 9ರಿಂದ 12ರ ವರೆಗೆ ನಡೆದವು. ಇದರಿಂದ ನಾನು ತೆಗೆದ ಮೊದಲ ನಿರ್ಣಯವಿಷ್ಟು: ಸ್ಥಳಕ್ಕಿಂತ ಮೊದಲು ಕಾಲವನ್ನು ಆರಿಸಬೇಕು. ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ಹಿಮವನ್ನು ನೋಡಿಯೇ ತೀರುತ್ತೇವೆಂದು ಹೊರಡುವವರು ಹಿಮದ ಲೆಕ್ಕವನ್ನಲ್ಲ, ರಜೆಯ ಲೆಕ್ಕವನ್ನು ಹಿಡಿದು ಹೊರಡುತ್ತಾರೆ. ಹೋಟೆಲಿನವರಿಗೆ ಅದೇ ಸುಗ್ಗಿ. ಕಲಿಯಲು ಹೋಗುವವನು ಫೆಬ್ರುವರಿಯ ನಡುವಿನಿಂದ ಮಾರ್ಚಿಯ ಮೊದಲ ವಾರದವರೆಗಿನ ದಿನಗಳನ್ನು ಹಿಡಿಯುವುದು ಮೇಲು. ಅಷ್ಟು ಹೊತ್ತಿಗೆ ಬಿದ್ದ ಹಿಮ ಬಿದ್ದಿರುತ್ತದೆ, ತಡವಾಗಿ ಬರುವುದೂ ಬಂದಿರುತ್ತದೆ. ನಮಗಾಗಿ ಕಿರು ಪರೀಕ್ಷೆಗಳು ಅದೇ ತಿಂಗಳಿನಲ್ಲಿ ಬರುತ್ತವೆಂಬುದು ನಿಜ. ಪ್ರಾಂಶುಪಾಲರು ಈ ಲೇಖನವನ್ನು ಓದುವುದಾದರೆ ನಮ್ಮ ರಜೆಯ ಅರ್ಜಿ ಅವರ ಮೇಜಿನ ಮೇಲಿದೆಯೆಂದು ವಿನಯಪೂರ್ವಕವಾಗಿ ನೆನಪಿಸುತ್ತೇನೆ.

ಇನ್ನು ಸ್ಥಳಗಳು. ಕುಫ್ರಿಯನ್ನು ಬಿಟ್ಟೆವು, ಶಿಮ್ಲಾದ ಪಕ್ಕದ ಆ ಊರಿಗೆ ಒಂದು ಕಾಲಕ್ಕೆ ಸ್ಕೀ ಆಟದಿಂದಲೇ ಹೆಸರು, ಈಗ ಅಲ್ಲಿ ಹಿಮಕ್ಕಿಂತ ಕುದುರೆ ಜಾಸ್ತಿ. ಮನಾಲಿಯ ಮೇಲಿನ ಸೋಲಂಗ್ ಕಣಿವೆಯ ಪರವಾಗಿ ಸಾರ್ಜೆಂಟ್ ವಾದಿಸಿದನು. ಮನಾಲಿಯಲ್ಲಿ 1961ರಿಂದ ಪರ್ವತಾರೋಹಣ ಸಂಸ್ಥೆಯೊಂದಿದೆ, ಅಲ್ಲಿ ಸ್ಕೀ ಶಿಕ್ಷಣವನ್ನೂ ಕೊಡುತ್ತಾರೆ, ಶಿಸ್ತು ಒಳ್ಳೆಯದು. ಆದರೆ ಸೋಲಂಗ್‌ನ ಎತ್ತರ ಸುಮಾರು 2,500 ಮೀಟರು ಮಾತ್ರ. ಹಿಮ ಬಂದರೆ ಬಂತು. 2020ರಲ್ಲಿ 9 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಹಿಮ ಹುಡುಕುವ ಕಾರುಗಳೆಲ್ಲ ಅದರೊಳಗೆ ನುಗ್ಗಿ ಲಾಹುಲ್ ಕಣಿವೆಗೆ ಹೋಗುತ್ತವೆ. ದಾರಿಯಲ್ಲಿ ವಾಹನಗಳ ಸಾಲಿನಲ್ಲಿ ಕುಳಿತು ಒಂದು ದಿನ ಕಳೆಯಲು ನಮ್ಮಲ್ಲಿ ಹೆಚ್ಚು ದಿನಗಳಿಲ್ಲ. ಅದನ್ನು ಎರಡನೆಯ ಆಯ್ಕೆಯಾಗಿ ಇಟ್ಟುಕೊಂಡೆವು.

ಉತ್ತರಾಖಂಡದ ಔಲಿಯ ವಿಷಯ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ನಿಜ ಹೇಳುವುದಾದರೆ ಮೊದಲು ನಾನು ಔಲಿಯ ಪಕ್ಷದವನಾಗಿದ್ದೆ. ಎದುರಿಗೆ ನಂದಾದೇವಿ, ಓಕ್ ಮತ್ತು ದೇವದಾರು ಕಾಡಿನ ಅಂಚಿನಲ್ಲಿ 2,500 ಮೀಟರಿನಿಂದ 3,050 ಮೀಟರಿನವರೆಗೆ ಹದವಾದ ಇಳಿಜಾರು, ಹೊಸಬರಿಗೆ ಹೇಳಿ ಮಾಡಿಸಿದಂತಿದೆ. 2011ರಲ್ಲಿ ದಕ್ಷಿಣ ಏಷ್ಯಾದ ಚಳಿಗಾಲದ ಕ್ರೀಡೆಗಳು ನಡೆದುದೂ ಅಲ್ಲಿಯೇ. ಅದಕ್ಕಾಗಿ ಬೆಟ್ಟದ ಮೇಲೆ ಒಂದು ಕೃತಕ ಸರೋವರವನ್ನು ತೋಡಿ, ಅದರ ನೀರನ್ನು ಯಂತ್ರಗಳಿಂದ ಚಿಮ್ಮಿಸಿ ಹಿಮ ಮಾಡುವ ವ್ಯವಸ್ಥೆಯನ್ನು ಕಟ್ಟಿದರು. ಹಿಮ ತಾನಾಗಿ ಬೀಳದಿದ್ದರೆ ನಾವೇ ಮಾಡಿಕೊಂಡರಾಯಿತು ಎಂಬ ಉಪಾಯ. 2022ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಹೆಚ್ಚು ಕಡಮೆ ಪೂರ್ತಿಯಾಗಿ ಇಂಥ ಹಿಮದ ಮೇಲೆಯೇ ನಡೆಯಿತು.

ಆದರೆ ಉಪಾಯಕ್ಕೆ ಎರಡು ಬೇಡಿಕೆಗಳಿವೆ. ಒಂದು, ಗಾಳಿ ಸೊನ್ನೆಗಿಂತ ಸಾಕಷ್ಟು ಕೆಳಗೆ ತಣ್ಣಗಾಗಿರಬೇಕು. ಬೆಚ್ಚನೆಯ ರಾತ್ರಿಯಲ್ಲಿ ಯಂತ್ರ ಚಿಮ್ಮಿಸುವುದು ಬರಿಯ ತುಂತುರು. ಎರಡು, ನೀರು. ಒಂದು ಹೆಕ್ಟೇರು ಇಳಿಜಾರಿಗೆ ಒಂದಡಿ ಹಿಮ ಹಾಸಲು ಸುಮಾರು 1,000 ಘನ ಮೀಟರು, ಅಂದರೆ ಹತ್ತು ಲಕ್ಷ ಲೀಟರು ನೀರು ಬೇಕು. ಕೆರೆ ಬತ್ತಿದ ವರ್ಷ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತ ಊರಿನವನು ನಾನು. ಜಾರಲು ಹತ್ತು ಲಕ್ಷ ಲೀಟರು ಎಂದಾಗ ನನಗೆ ಮೈ ಜುಮ್ಮೆಂದಿತು. ಔಲಿಯಲ್ಲಿ ಅಷ್ಟು ಮಾಡಿಯೂ ಹಿಮ ಸಾಲದೆ 2023ರ ಫೆಬ್ರುವರಿಯ ರಾಷ್ಟ್ರೀಯ ಪಂದ್ಯಗಳು ರದ್ದಾದವು.

ಅದೇ ಚಳಿಗಾಲದಲ್ಲಿ ಕೆಳಗಿನ ಜೋಶಿಮಠ ಬಿರುಕು ಬಿಟ್ಟಿತು. ಔಲಿಗೆ ಹೋಗುವವರೆಲ್ಲ ಹಾದುಹೋಗುವ ಊರು ಅದು. ಶಂಕರಾಚಾರ್ಯರು ಸ್ಥಾಪಿಸಿದ ಉತ್ತರದ ಮಠವಿರುವ ಊರು ಎಂದರೆ, ಶೃಂಗೇರಿಯ ನಾಡಿನವರಾದ ನಮಗೆ ದೂರದ್ದೇನಲ್ಲ. 2023ರ ಜನವರಿಯಲ್ಲಿ ಅಲ್ಲಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳ ಗೋಡೆಗಳು ಸೀಳಿದವು. ಜನ ಚಳಿಯಲ್ಲಿ ಮನೆ ಬಿಟ್ಟು ಹೊರಬಂದರು. ಔಲಿಗೆ ಏರುವ ನಾಲ್ಕು ಕಿಲೋಮೀಟರಿನ ತೂಗುತೊಟ್ಟಿಲ ದಾರಿಯನ್ನು ನಿಲ್ಲಿಸಿದರು. ಹಳೆಯ ಭೂಕುಸಿತದ ಮಣ್ಣಿನ ರಾಶಿಯ ಮೇಲೆ ಊರು ಕುಳಿತಿದೆ, ಭಾರಿ ಕಟ್ಟಡಗಳನ್ನು ಕಟ್ಟಬೇಡಿ, ಬಂಡೆಗಳನ್ನು ಸಿಡಿಸಬೇಡಿ ಎಂದು ಸರ್ಕಾರವೇ ನೇಮಿಸಿದ ಮಿಶ್ರಾ ಸಮಿತಿ 1976ರಷ್ಟು ಹಿಂದೆಯೇ ಹೇಳಿತ್ತು. ಹೇಳಿದ್ದನ್ನು ಕಪಾಟಿನಲ್ಲಿಟ್ಟು ಕಟ್ಟುತ್ತ ಹೋದರು.

ಇಲ್ಲಿ ನಾವು ನಾಲ್ವರೂ ಒಡೆದು ಎರಡಾದೆವು. ಅರ್ಥಶಾಸ್ತ್ರದವಳ ವಾದ ಇದು: "ಬಿರುಕು ಬಿಟ್ಟ ಊರಿನ ಜನಕ್ಕೆ ಉಳಿದಿರುವುದೇ ಯಾತ್ರಿಕರ ಕಾಸು. ನೀನು ಮರುಕದಿಂದ ಹೋಗದೆ ಉಳಿದರೆ ಅವರ ಗೋಡೆ ಕೂಡಿಕೊಳ್ಳುತ್ತದೆಯೇ? ಚಹಾ ಅಂಗಡಿ ಮುಚ್ಚುತ್ತದೆ, ಅಷ್ಟೆ." ಈ ಮಾತಿಗೆ ನಾನು ಎರಡು ರಾತ್ರಿ ನಿದ್ದೆಗೆಟ್ಟೆ. ನಾಲ್ಕು ಮಂದಿ ವಿದ್ಯಾರ್ಥಿಗಳ ಭಾರದಿಂದ ಬೆಟ್ಟ ಕುಸಿಯದೆಂಬುದು ನಿಜ. ಹೋಟೆಲಿಲ್ಲದೆ ಹಳ್ಳಿಯ ಮನೆಯೊಂದರಲ್ಲಿ ತಂಗಿ, ಕಾಲ್ನಡೆಯಲ್ಲಿ ಹತ್ತುವವನಿಗೆ ಔಲಿ ಅಯೋಗ್ಯವಲ್ಲವೆಂದು ಈಗಲೂ ಒಪ್ಪುತ್ತೇನೆ. ಆದರೆ ಸ್ಕೀ ಎಂಬುದು ಒಬ್ಬೊಬ್ಬರಾಗಿ ಬರುವ ಆಟವಲ್ಲ. ಬೇಡಿಕೆ ಹೆಚ್ಚಿದಷ್ಟೂ ಯಂತ್ರ, ತೊಟ್ಟಿಲು, ಹೋಟೆಲು, ಅಗಲವಾದ ರಸ್ತೆ. ಆ ಮಣ್ಣು ಹೊರಲಾರದ ಹೊರೆ ಅದೇ. ಯಂತ್ರದ ಹಿಮವನ್ನೇ ನೆಚ್ಚಿದ, ಕೆಳಗಿನ ಊರು ಜಾರುತ್ತಿರುವ ಇಳಿಜಾರಿನಲ್ಲಿ ಜಾರಲು ನನ್ನ ಮನಸ್ಸು ಒಪ್ಪಲಿಲ್ಲ. ಇದನ್ನು ವಾದವೆನ್ನಿ, ಹಠವೆನ್ನಿ. ಅವಳು ಹಠವೆಂದಳು.

ಹೀಗೆ ಉಳಿದುದು ಗುಲ್ಮಾರ್ಗ್. ಇತಿಹಾಸದವನಿಗೆ ಹಿಗ್ಗು, ಬ್ರಿಟಿಷ್ ಅಧಿಕಾರಿಗಳು 1927ರಲ್ಲಿಯೇ ಅಲ್ಲಿ ಸ್ಕೀ ಕ್ಲಬ್ಬು ಕಟ್ಟಿದ್ದರು. ನನಗೆ ಹಿಡಿಸಿದುದು ಅದರ ಏಣಿ. ಊರು 2,650 ಮೀಟರಿನಲ್ಲಿದೆ. 1998ರಲ್ಲಿ ತೆರೆದ ತೊಟ್ಟಿಲ ಮೊದಲ ಹಂತ ಸುಮಾರು 3,100 ಮೀಟರಿನ ಕೊಂಗ್ದೂರಿಗೆ ಏರಿಸುತ್ತದೆ. 2005ರ ಎರಡನೆಯ ಹಂತ ಅಫರ್ವಾತ್ ಬೆಟ್ಟದ ಹೆಗಲಿಗೆ, ಹೆಚ್ಚು ಕಡಮೆ 3,950 ಮೀಟರಿಗೆ. ಕೆಳಗೆ ಹಿಮ ಕೈಕೊಟ್ಟರೆ ಮಧ್ಯದ ಮೆಟ್ಟಿಲಿನಲ್ಲಿ ಸಿಕ್ಕೀತು. ಉಳಿದೆರಡು ಸ್ಥಳಗಳಲ್ಲಿ ಇಷ್ಟು ಎತ್ತರದವರೆಗೆ ಏರಿಸುವ ಏಣಿಯಿಲ್ಲ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆಯೂ ಅಲ್ಲಿದೆ. ವಸತಿ, ಊಟ, ಹಲಗೆ, ಬೂಟು, ಗುರು ಎಲ್ಲವೂ ಒಂದೇ ಶುಲ್ಕದಲ್ಲಿ. ಹೊಸಬನಿಗೆ ಬೇಕಾದುದು ಇಡೀ ಬೆಟ್ಟವಲ್ಲ; ನೂರು ಗಜದ ಇಳಿಜಾರು ಮತ್ತು ಬಿದ್ದಾಗ ಬಯ್ಯದ ಗುರು. ಹಲಗೆಗಳ ಮೂತಿಗಳನ್ನು ಕೂಡಿಸಿ ಹಿಂಭಾಗವನ್ನು ಅಗಲಿಸಿ ನಿಲ್ಲುವುದನ್ನು ಕಲಿಯಲು ಮೂರು ದಿನ ಹಿಡಿಯುತ್ತದಂತೆ. ಆ ಮೂರು ದಿನ ನೆಲದಲ್ಲಿರುವವನಿಗೆ ಅಫರ್ವಾತ್‌ನ ಗೊಡವೆಯೇಕೆ?

ಆ ಗೊಡವೆ ಸಾಮಾನ್ಯದ್ದೂ ಅಲ್ಲ. ಮೇಲಿನ ಇಳಿಜಾರುಗಳು ಕಾಡು ಹಿಮದವು. 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿಯಲ್ಲಿ ರಷ್ಯಾದ ಒಬ್ಬನು ಅಲ್ಲಿ ಹಿಮಪಾತಕ್ಕೆ ಸಿಕ್ಕಿ ಸತ್ತರು. ಪಳಗಿದವರು ಅವರು. ಸಾರ್ಜೆಂಟನಿಂದ, ಎರಡನೆಯ ಹಂತದ ಟಿಕೇಟು ಕೊಳ್ಳುವುದಿಲ್ಲವೆಂದು ನಾವು ಕಾಗದದ ಮೇಲೆ ರುಜು ಮಾಡಿಸಿಕೊಂಡಿದ್ದೇವೆ.

ಆದರೆ ಗುಲ್ಮಾರ್ಗ್ ಎಂದೊಡನೆ ನಮ್ಮ ಮನೆಗಳಲ್ಲಿ ಎದ್ದ ಭಯ ಹಿಮದ್ದಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನ ಹುಲ್ಲುಗಾವಲಿನಲ್ಲಿ 26 ಮಂದಿಯನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ನಮ್ಮ ಕರ್ನಾಟಕದಿಂದ ಹೆಂಡತಿ ಮಕ್ಕಳೊಡನೆ ರಜೆಗೆ ಹೋದವರೂ ಇದ್ದರು. ಆ ಚಿತ್ರಗಳನ್ನು ನಮ್ಮವ್ವ ನೋಡಿದ್ದಾಳೆ. "ಹಿಮ ನೋಡಬೇಕೂಂತ ಯಾರಾದರೂ ಅಲ್ಲಿಗೆ ಹೋಗ್ತಾರೇನೋ? ಫ್ರಿಜ್ಜಿನ ಬಾಗಿಲು ತೆಗೆದು ನೋಡು, ಬೇಕಾದಷ್ಟಿದೆ" ಎಂದಳು. ನಗೆಯಾಡಿದಂತೆ ಹೇಳಿದರೂ ಅವಳ ಕಣ್ಣು ನಗುತ್ತಿರಲಿಲ್ಲ. ಅವಳಿಗೆ ಹೇಳಲು ನನ್ನಲ್ಲಿ ಅಂಕಿ ಅಂಶಗಳಿರಲಿಲ್ಲ; ಇದ್ದರೂ ತಾಯಿಗೆ ಅಂಕಿ ಅಂಶಗಳನ್ನು ಹೇಳಬಾರದು.

ನಾನು ಯೋಚಿಸಿದುದು ಇಷ್ಟು. ಭಯ ಹುಟ್ಟಿಸಿದವರ ಉದ್ದೇಶವೇ ನಾವು ಅಲ್ಲಿಗೆ ಹೋಗದಿರಬೇಕೆಂಬುದು. ಅಂದು ಯಾತ್ರಿಕರನ್ನು ಉಳಿಸಹೋಗಿ ಪ್ರಾಣ ಕೊಟ್ಟವರಲ್ಲಿ ಅಲ್ಲಿನ ಬಡ ಕುದುರೆಯವನೊಬ್ಬನೂ ಇದ್ದನು. ಗುಲ್ಮಾರ್ಗ್‌ನ ಕೆಳಗಿನ ತಂಗ್‌ಮಾರ್ಗ್‌ನ ಮನೆಮನೆಯಲ್ಲಿ ಜಾರುಗಾಡಿ ಎಳೆಯುವವನೋ, ಹಲಗೆ ಬಾಡಿಗೆ ಕೊಡುವವನೋ, ಸ್ಕೀ ಕಲಿಸುವವನೋ ಇದ್ದಾನೆ. ಬೀಜಿಂಗ್ ಒಲಿಂಪಿಕ್ಸಿಗೆ ಭಾರತದಿಂದ ಹೋದ ಒಬ್ಬನೇ ಆಟಗಾರ ಆರಿಫ್ ಖಾನ್ ಆ ಕಡೆಯವನೇ. ಅವನ ತಂದೆಗೆ ಅಲ್ಲಿ ಸ್ಕೀ ಸಾಮಾನಿನ ಅಂಗಡಿಯಿತ್ತು. ಹಾಗೆಂದು ಧೈರ್ಯದ ಪ್ರದರ್ಶನಕ್ಕಾಗಿ ಹೋಗಬೇಕೆಂದು ನಾನು ಹೇಳುವುದಿಲ್ಲ. ಇಪ್ಪತ್ತರ ಹುಡುಗರ ಧೈರ್ಯಕ್ಕೆ ಬೆಲೆಯಿಲ್ಲ. ಸರ್ಕಾರದ ಸಂಸ್ಥೆಯ ಶಿಬಿರದಲ್ಲಿ, ಗುಂಪಿನಲ್ಲಿ, ದಿನವೂ ಮನೆಗೆ ಮಾತಾಡುತ್ತ ಇರುತ್ತೇವೆ; ಆಗ ಸೂಚನೆ ಬೇರೆಯಾದರೆ ಮನಾಲಿಗೆ ತಿರುಗುತ್ತೇವೆ. ಇದು ನಾವು ಮನೆಯವರಿಗೆ ಕೊಟ್ಟ ಮಾತು. ಅರ್ಥಶಾಸ್ತ್ರದವಳ ತಂದೆ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ತಮ್ಮ ಹಳೆಯ ಉಣ್ಣೆಯ ಟೋಪಿಯನ್ನು ಹುಡುಕಿ ತಂದು ಅವಳ ಮುಂದೆ ಇಟ್ಟರಂತೆ.

ಕನ್ನಡದವರಿಗೆ ಹಿಮದ ಸಹವಾಸವೇ ಇಲ್ಲವೆಂದು ನಾನು ಮೊದಲಲ್ಲಿ ಬರೆದುದು ಪೂರ್ತಿ ಸರಿಯಲ್ಲ. 1948ರ ನವೆಂಬರಿನಲ್ಲಿ ಹನ್ನೊಂದು ಸಾವಿರ ಅಡಿಗೂ ಮಿಗಿಲಾದ ಜೋಜಿ ಲಾ ಕಣಿವೆಗೆ ಹಿಮದ ನಡುವೆ ಟ್ಯಾಂಕುಗಳನ್ನು ಏರಿಸಿದ ಜನರಲ್ ತಿಮ್ಮಯ್ಯನವರು ಕೊಡಗಿನವರು. ಅದೇ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಎಂಬ ಹೆಣ್ಣುಮಗಳು ಗುಲ್ಮಾರ್ಗ್‌ನ ಕ್ರೀಡೆಗಳಲ್ಲಿ ಸಮನೆಲದ ಸ್ಕೀ ಓಟದಲ್ಲಿ ಚಿನ್ನ ಗೆದ್ದು, 2025ರಲ್ಲಿ ಚಿಲಿ ದೇಶದಲ್ಲಿ ಕಂಚಿನ ಪದಕವನ್ನೂ ತಂದಿದ್ದಾರೆ. ಕಾಫಿ ತೋಟದ ಸೀಮೆಯವರಿಗೆ ಆಗುವುದಾದರೆ ರಾಗಿ ಹೊಲದ ಸೀಮೆಯವರಿಗೂ ಆದೀತು. ಅಧ್ಯಾಪಕರ ಪ್ರಶ್ನೆಗೆ ನನ್ನ ಉತ್ತರದ ಉಳಿದರ್ಧ ಇದು.

ಇಷ್ಟೆಲ್ಲ ಲೆಕ್ಕ ಹಾಕಿ ಹೊರಟರೂ ಆ ಎರಡು ವಾರ ಹಿಮವೇ ಬೀಳದಿರಬಹುದು. ಆಗ ಯಂತ್ರದ ಹಿಮ ಹುಡುಕುತ್ತ ಊರೂರು ಅಲೆಯುವುದಿಲ್ಲವೆಂದು ನಾಲ್ವರೂ ಒಪ್ಪಿದ್ದೇವೆ. ಭೂಗೋಳ ಪುಸ್ತಕದಲ್ಲಿ ಓದಿದ ಪೀರ್ ಪಂಜಾಲನ್ನು ಕಣ್ಣಿನಿಂದ ನೋಡುತ್ತೇನೆ. ಇತಿಹಾಸದವನು ಹಳೆಯ ಕ್ಲಬ್ಬಿನ ಗುರುತು ಹುಡುಕುತ್ತಾನೆ. ಅರ್ಥಶಾಸ್ತ್ರದವಳು ಸೇಬಿನ ಧಾರಣೆ ವಿಚಾರಿಸುತ್ತಾಳೆ. ಸಾರ್ಜೆಂಟ್ ಮಾತ್ರ ಅಳಬಹುದು.

ವೋಟು ಹಾಕಿದಾಗ ಗುಲ್ಮಾರ್ಗ್‌ಗೆ ಮೂರು, ಔಲಿಗೆ ಒಂದು. ಸೋತವಳ ಕೈಯಲ್ಲಿಯೇ ಹಣವಿದ್ದರೂ ಅವಳು ಮರುದಿನವೇ ಅರ್ಜಿ ನಮೂನೆಗಳನ್ನು ತರಿಸಿದಳು. ಕಟ್ರಾದವರೆಗೆ ರೈಲಿನ ಎರಡನೆಯ ದರ್ಜೆ. ಅಲ್ಲಿಂದ ಶ್ರೀನಗರಕ್ಕೆ 2025ರ ಜೂನ್‌ನಲ್ಲಿ ಆರಂಭವಾದ ರೈಲು, ಚಿನಾಬ್ ನದಿಯ ಮೇಲೆ 359 ಮೀಟರು ಎತ್ತರದ ಸೇತುವೆಯನ್ನು ದಾಟಿ. ಅಲ್ಲಿಂದ ತಂಗ್‌ಮಾರ್ಗ್‌ಗೆ ಬಸ್ಸು, ಮೇಲೆ ಗಾಲಿಗೆ ಸರಪಳಿ ಕಟ್ಟಿದ ಜೀಪು. ನಮೂನೆಯಲ್ಲಿ ಬೂಟಿನ ಅಳತೆ ಕೇಳಿದ್ದರು. ಚಪ್ಪಲಿ ಬಿಟ್ಟು ಬೇರೆ ಮೆಟ್ಟಿ ಗೊತ್ತಿಲ್ಲದ ನಾನು ಹಾಸ್ಟೆಲಿನ ನೆಲದ ಮೇಲೆ ಹಾಳೆ ಹಾಸಿ, ಅದರ ಮೇಲೆ ನಿಂತು, ಸಾರ್ಜೆಂಟನಿಂದ ಪೆನ್ಸಿಲಿನಲ್ಲಿ ಪಾದದ ಸುತ್ತ ಗೆರೆ ಎಳೆಸಿಕೊಂಡೆ. ಎಡಗಾಲು ಬಲಗಾಲಿಗಿಂತ ಸ್ವಲ್ಪ ಉದ್ದವೆಂದು ಆಗ ತಿಳಿಯಿತು. ದೊಡ್ಡದನ್ನೇ ಬರೆದು ಕಳುಹಿಸಿದ್ದೇನೆ.